ಜೆರಾಕ್ಸ್ ಅಂಗಡೀಲಿ ಕೂತು ಸಂವಿಧಾನ ಅರ್ಥ ಮಾಡ್ಕೊಂಡಿದ್ದು

ದಾವಣಗೆರೇಲಿ ನಂದೊಂದು ಸಣ್ಣ ಡಿಟಿಪಿ, ಜೆರಾಕ್ಸ್ ಅಂಗಡಿ ಐತೆ. ಹದಿನಾಲ್ಕು ವರ್ಷ ಆತು. ಲಗ್ನಪತ್ರಿಕೆ, ಬಾಡಿಗೆ ಕರಾರು, ಬರ್ತ್‌ಡೇ ಫ್ಲೆಕ್ಸು, ಕಾಲೇಜ್ ಹುಡುಗ್ರ ಅಸೈನ್‌ಮೆಂಟು, ಎಲ್ಲಕ್ಕಿಂತ ಜಾಸ್ತಿ ಅಂದ್ರೆ ಅರ್ಜಿ. ಡೆಸ್ಕ್‌ಟಾಪ್ ಮೇಲೆ ‘ಅರ್ಜಿ ಮಾದರಿ’ ಅಂತ ಒಂದು ಫೈಲ್ ಇಟ್ಕೊಂಡೀನಿ, ಯಾರೇ ಬರ್ಲಿ ಅದನ್ನೇ ತೆಗೆದು ಹೆಸ್ರು, ಊರು, ಸರ್ವೆ ನಂಬರ್ ಬದ್ಲಾಯಿಸಿ ಪ್ರಿಂಟ್ ಹೊಡೆದು ಕೊಡೋದು. ಅದರ ಕೊನೇ ಸಾಲು ಮಾತ್ರ ಯಾವತ್ತೂ ಬದ್ಲಾಗಿಲ್ಲ. ‘ತಾವು ದಯಮಾಡಿ ಬಡವನಾದ ನನ್ನ ಮೇಲೆ ಕೃಪೆ ತೋರಿ ಈ ಕೆಲಸ ಮಾಡಿಕೊಡಬೇಕಾಗಿ ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸುತ್ತೇನೆ.’ ಇದನ್ನ ಬರೆದೋನು ನಾನಲ್ಲ, ನನಗೆ ಕೆಲಸ ಕಲಿಸಿದೋರ ಕಂಪ್ಯೂಟರ್‌ನಿಂದ ಪೆನ್‌ಡ್ರೈವ್‌ನಲ್ಲಿ ಬಂದಿದ್ದು, ಅವರಿಗೆ ಅವರ ಟೈಪ್‌ರೈಟರ್ ಗುರುಗಳಿಂದ ಬಂದಿರಬೇಕು.

ಮೊನ್ನೆ ಪಿಯುಸಿ ಓದೋ ಹುಡುಗಿ ಒಬ್ಳು ಅಸೈನ್‌ಮೆಂಟ್ ಟೈಪ್ ಮಾಡ್ಸೋಕೆ ಬಂದ್ಳು. ‘ಸಂವಿಧಾನದಿಂದ ದೇಶಕ್ಕೂ ನಾಗರಿಕರಿಗೂ ಆಗುವ ಪ್ರಯೋಜನಗಳು’ ಅಂತ ಟೈಟಲ್ಲು, ಕೆಳಗೆ ಹನ್ನೆರಡು ಪಾಯಿಂಟು. ದೇಶದ ಐಕ್ಯತೆ ಕಾಪಾಡುತ್ತದೆ, ಹಕ್ಕುಗಳನ್ನು ನೀಡುತ್ತದೆ, ಸಮಾನತೆ ತರುತ್ತದೆ, ಹಿಂಗೆ. ಎಲ್ಲಾ ಸರಿನೇ ಐತೆ, ಒಂದೂ ತಪ್ಪಿಲ್ಲ. ‘ಇದರಾಗೆ ನಿಂಗೆ ಎಷ್ಟು ಅರ್ಥ ಆಗೈತವ್ವ’ ಅಂದೆ. ‘ಅಣ್ಣ ಹತ್ತು ಮಾರ್ಕ್ಸಿಂದು, ಅಷ್ಟೆ’ ಅಂದ್ಳು. ಆಮೇಲೆ ಯಾರೂ ಗಿರಾಕಿ ಇರ್ಲಿಲ್ಲ, ಕರೆಂಟೂ ಹೋತು, ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೀತಾ ಇದೀನಿ.

ಮೊದ್ಲು ಒಂದು ಸಣ್ಣ ವಿಷ್ಯ ತಲೇಲಿ ಕೂರಬೇಕು. ಬಾಕಿ ಕಾನೂನೆಲ್ಲ ನಮ್ಮ ನಿಮ್ಮಂಥೋರಿಗೆ ಹೇಳ್ತಾವೆ, ಹೆಲ್ಮೆಟ್ ಹಾಕು, ಟ್ಯಾಕ್ಸ್ ಕಟ್ಟು, ಕಳ್ತನ ಮಾಡ್ಬೇಡ ಅಂತ. ಸಂವಿಧಾನ ಹಂಗಲ್ಲ, ಅದು ಮುಖ್ಯವಾಗಿ ಮಾತಾಡೋದು ಕಾನೂನು ಮಾಡೋರ ಜೊತೆ, ಪೊಲೀಸರ ಜೊತೆ, ಮಂತ್ರಿಗಳ ಜೊತೆ. ನೀನು ಇಲ್ಲಿವರೆಗೆ ಬರಬಹುದು, ಇದಕ್ಕಿಂತ ಮುಂದೆ ಕಾಲಿಡಂಗಿಲ್ಲ ಅಂತ. ಎತ್ತಿಗೆ ಮೂಗುದಾರ ಹಾಕೋದು ಎತ್ತಿನ ಮೇಲಿನ ಸಿಟ್ಟಿಗಲ್ಲ, ಹೊಲ ಉಳಬೇಕು, ಪಕ್ಕದ ಪೈರು ಉಳಿಬೇಕು ಅಂತ, ಹಂಗೆ ಇದು. ಚಿತ್ರದುರ್ಗದ ಏಳು ಸುತ್ತಿನ ಕೋಟೆ ನೋಡಿದೋರಿಗೆ ಇನ್ನೊಂದು ಥರ ಹೇಳ್ಬಹುದು. ಆ ಗೋಡೆಗಳು ಮುಖ ಮಾಡಿರೋದು ಹೊರಗಿನ ಶತ್ರು ಕಡೆಗೆ, ಒಳಗೆ ಕೂತ ದೊರೆಯಿಂದ ಪ್ರಜೆನ ಕಾಯೋಕೆ ಅಲ್ಲಿ ಒಂದು ಕಲ್ಲೂ ಇಟ್ಟಿಲ್ಲ. ಸಂವಿಧಾನದ ಗೋಡೆ ಒಳಗಡೆಗೆ ಮುಖ ಮಾಡೈತೆ.

ದೊರೆ ಒಳ್ಳೇನಾಗಿದ್ರೆ ಇದೆಲ್ಲ ಯಾಕೆ ಬೇಕು ಅಂತ ಕೇಳ್ತಾರೆ, ನಮ್ಮ ಕಡೆ ಹಿರಿಯರು ಈಗ್ಲೂ ಕೇಳ್ತಾರೆ. ಈ ಪ್ರಶ್ನೆಗೆ ನಮ್ಮ ಜಿಲ್ಲೆ ಇತಿಹಾಸದಾಗೇ ಉತ್ತರ ಐತೆ. ಆಗಿನ ಚಿತ್ರದುರ್ಗ ಜಿಲ್ಲೆ, ದಾವಣಗೆರೆ ಅದರಾಗೇ ಇತ್ತು, ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಮೈಸೂರು ಅರಸರು ಕೆಟ್ಟೋರೇನಲ್ಲ. ಹಿರಿಯೂರು ಹತ್ರ ಮಾರಿಕಣಿವೆ ಡ್ಯಾಮ್, ಅದೇ ವಾಣಿವಿಲಾಸ ಸಾಗರ, 1907ರಷ್ಟೊತ್ತಿಗೇ ಕಟ್ಟಿ ಮುಗಿಸಿದ್ರು, ಇವತ್ತಿಗೂ ಆ ನೀರು ಕುಡೀತಾ ಇದಾರೆ ಜನ. 1881ರಲ್ಲೇ ದಿವಾನ್ ರಂಗಾಚಾರ್ಲು ಕಾಲದಾಗೆ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದ್ರು, ದೇಶದಾಗೆ ಅಂಥದ್ದು ಬಾಳ ಕಡೆ ಇರ್ಲಿಲ್ಲ. ಆದ್ರೆ ಆ ಸಭೇಲಿ ಪ್ರತಿನಿಧಿಗಳು ಏನ್ ಮಾಡಬಹುದಿತ್ತು? ಅಹವಾಲು ಹೇಳ್ಕೋಬಹುದಿತ್ತು. ಸರ್ಕಾರ ಕೇಳಿದ್ರೆ ಕೇಳ್ತು, ಇಲ್ಲಾಂದ್ರೆ ಇಲ್ಲ. ಅಂದ್ರೆ ನನ್ನ ‘ಅರ್ಜಿ ಮಾದರಿ’ ಫೈಲೇ ಅದು, ದೊಡ್ಡ ಹಾಲ್‌ನಾಗೆ ಪೇಟ ಸುತ್ಕೊಂಡು ಓದೋದು, ಅಷ್ಟೇ ವ್ಯತ್ಯಾಸ.

ಇನ್ನೂ ತಮಾಷೆ ಅಂದ್ರೆ 1947ರ ಆಗಸ್ಟ್ 15. ಇಡೀ ದೇಶ ಬಾವುಟ ಹಾರಿಸ್ತಾ ಇದ್ರೆ ನಮ್ಮ ಮೈಸೂರು ಸಂಸ್ಥಾನದ ಜನಕ್ಕೆ ತಮ್ಮದೇ ಜವಾಬ್ದಾರಿ ಸರ್ಕಾರ ಸಿಕ್ಕಿರ್ಲಿಲ್ಲ. ಬ್ರಿಟಿಷರು ಹೋದ್ರು, ಅರಮನೆ ಅಲ್ಲೇ ಇತ್ತು. ಅದಕ್ಕೇ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಶುರುವಾತು, ಸತ್ಯಾಗ್ರಹ, ಜೈಲು, ಎಲ್ಲಾ ಆಗಿ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂತು. ಆಮೇಲೆ 1949ರ ನವೆಂಬರ್ 25ಕ್ಕೆ ಜಯಚಾಮರಾಜ ಒಡೆಯರ್ ಒಂದು ಘೋಷಣೆ ಹೊರಡಿಸಿದ್ರು, ಭಾರತಕ್ಕೆ ಬರೋ ಸಂವಿಧಾನನೇ ಮೈಸೂರಿಗೂ ಸಂವಿಧಾನ ಅಂತ. ಮಾರನೇ ದಿನ, ನವೆಂಬರ್ 26ಕ್ಕೆ, ದೆಹಲೀಲಿ ಸಂವಿಧಾನ ಅಂಗೀಕಾರ ಆತು. ಸ್ವಾತಂತ್ರ್ಯ ಬೇರೆ, ಸಂವಿಧಾನ ಬೇರೆ ಅಂತ ಇದರಿಂದ ಗೊತ್ತಾಗುತ್ತೆ ನೋಡ್ರಿ, ಪರಕೀಯರು ಹೋಗೋದು ಒಂದು, ನಮ್ಮೋರೇ ನಮ್ಮನ್ನ ಹೆಂಗೆ ಆಳಬೇಕು ಅಂತ ಬರ್ಕೊಳ್ಳೋದು ಇನ್ನೊಂದು. ಆ ಬರ್ಕೊಂಡ ಸಭೇಲಿ ನಮ್ಮ ಎಸ್. ನಿಜಲಿಂಗಪ್ಪನೋರೂ ಮೆಂಬರ್ ಆಗಿದ್ರು. ಹೈವೇಲಿ ಚಿತ್ರದುರ್ಗ ದಾಟೋವಾಗ ಸೀಬಾರದ ಹತ್ರ ಅವರ ಸ್ಮಾರಕ ಐತೆ, ಬಸ್ಸಿನಿಂದ ನೋಡಿ ‘ಮಾಜಿ ಸಿಎಂ ಸಮಾಧಿ’ ಅಂತ ಅನ್ಕೊಂಡು ಹೋಗ್ತೀವಿ, ಸಂವಿಧಾನಕ್ಕೆ ಕೈ ಹಾಕಿದೋರು ಅಂತ ಯಾರಿಗೂ ನೆನಪಾಗಲ್ಲ.

ಇನ್ನು ಓಟು. ಅದಕ್ಕಿಂತ ಮುಂಚೆ ಓಟು ಇರ್ಲಿಲ್ಲ ಅಂತಲ್ಲ, ಇತ್ತು, ಆದ್ರೆ ಆಸ್ತಿ ಎಷ್ಟು, ಕಂದಾಯ ಎಷ್ಟು ಕಟ್ತೀಯ, ಏನು ಓದೀಯ ಅಂತ ನೋಡಿ ಕೊಡೋರು. 1950ರ ಜನವರಿ 26ರ ಮೇಲೆ 21 ವರ್ಷ ಆದ ಎಲ್ಲರಿಗೂ ಒಂದೊಂದು, ಸಾಹುಕಾರ್ರಿಗೂ ಒಂದೇ, ಅವರ ಹೊಲದ ಆಳಿಗೂ ಒಂದೇ. 18 ಆಗಿದ್ದು ಆಮೇಲೆ, 61ನೇ ತಿದ್ದುಪಡಿಯಿಂದ. 1951-52ರ ಮೊದಲನೇ ಎಲೆಕ್ಷನ್‌ಗೆ 17 ಕೋಟಿಗೂ ಜಾಸ್ತಿ ಮತದಾರರು, ಬಾಳಷ್ಟು ಜನಕ್ಕೆ ಓದೋಕೆ ಬರಲ್ಲ, ಅದಕ್ಕೆ ಪ್ರತಿ ಅಭ್ಯರ್ಥಿಗೂ ಒಂದೊಂದು ಡಬ್ಬಿ ಇಟ್ಟು ಅದರ ಮೇಲೆ ಚಿಹ್ನೆ ಅಂಟಿಸಿದ್ರು. ಪಟ್ಟಿ ಮಾಡೋವಾಗ ಉತ್ತರದ ಕೆಲವು ರಾಜ್ಯಗಳಾಗೆ ಹೆಣ್ಮಕ್ಳು ತಮ್ಮ ಹೆಸರೇ ಹೇಳ್ತಿರ್ಲಿಲ್ಲವಂತೆ, ಇಂಥೋರ ಹೆಂಡ್ತಿ, ಇಂಥೋರ ತಾಯಿ ಅಂತ ಬರೆಸ್ತಿದ್ರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್, ಸ್ವಂತ ಹೆಸರಿಲ್ಲದಿದ್ರೆ ಸೇರ್ಸಂಗಿಲ್ಲ ಅಂದ್ರು, ಸುಮಾರು 28 ಲಕ್ಷ ಹೆಣ್ಮಕ್ಳ ಹೆಸ್ರು ಬಿಟ್ಟೋತು. ಕಠಿಣ ಅನ್ಸುತ್ತೆ. ಆದ್ರೂ ದೇಶದ ಲೆಕ್ಕದಾಗೆ ಹೆಣ್ಣೊಬ್ಳು ಯಾರದೋ ಹೆಂಡ್ತಿ ಅಲ್ಲ, ತಾನೇ ಒಬ್ಳು ಅಂತ ಹೇಳಿದ್ದು ಅಲ್ಲೇ ಅಂತ ನನಗನ್ಸುತ್ತೆ.

ಸರಿ, ಹಕ್ಕು ಬರೆದಿಟ್ರು. ಬರೆದಿಟ್ಟಿದ್ದನ್ನ ಸರ್ಕಾರ ಮುರಿದ್ರೆ? ಹುಡುಗಿ ಅಸೈನ್‌ಮೆಂಟ್‌ನಾಗೆ ಇದಿರ್ಲಿಲ್ಲ, ಅಸಲಿ ಮಾಲು ಇಲ್ಲೇ ಇರೋದು. 13ನೇ ವಿಧಿ ಪ್ರಕಾರ ಮೂಲಭೂತ ಹಕ್ಕಿಗೆ ವಿರುದ್ಧ ಇರೋ ಕಾನೂನು ಅಷ್ಟರ ಮಟ್ಟಿಗೆ ಕಾನೂನೇ ಅಲ್ಲ. 32ನೇ ವಿಧಿ ಪ್ರಕಾರ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದು, 226ರ ಪ್ರಕಾರ ಹೈಕೋರ್ಟಿಗೆ. ಈ 32ನ್ನ ಅಂಬೇಡ್ಕರ್ ಸಂವಿಧಾನದ ಹೃದಯ, ಆತ್ಮ ಅಂತ ಕರೆದ್ರು. ಯಾಕಂದ್ರೆ ಬಾಕಿ ಹಕ್ಕೆಲ್ಲ ಚೆಕ್ ಇದ್ದಂಗೆ, ಇದು ಬ್ಯಾಂಕ್ ಕೌಂಟರ್.

ಇಲ್ಲಿ ನಾನು ಗಮನಿಸಿದ ಒಂದು ವಿಚಿತ್ರ ಹೇಳ್ತೀನಿ. ನಮ್ಮ ಕನ್ನಡದ ನೆಲಕ್ಕೆ ನಂಟಿರೋ ಮೂರು ದೊಡ್ಡ ಕೇಸ್ ಅದಾವೆ, ಮೂರರಾಗೂ ಕೋರ್ಟಿಗೆ ಹೋದೋರಿಗೆ ತಾವು ಕೇಳಿದ್ದು ಸಿಗ್ಲಿಲ್ಲ, ನಮಗೆ ಸಿಕ್ತು.

ಒಂದು, ಕಾಸರಗೋಡು ಹತ್ರದ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳದ್ದು. ಕೇರಳದ ಭೂಸುಧಾರಣೆ ಕಾನೂನಿಂದ ಮಠದ ಜಮೀನು ಹೋಗುತ್ತೆ ಅಂತ ಕೇಸ್ ಹಾಕಿದ್ರು. ಹೋಗ್ತಾ ಹೋಗ್ತಾ ಅದು ಜಮೀನಿಂದ ಎಲ್ಲಿಗೋ ಹೋತು. ಸಂವಿಧಾನ ತಿದ್ದೋ ಅಧಿಕಾರ ಪಾರ್ಲಿಮೆಂಟಿಗೆ ಐತೆ, 2023ರವರೆಗೆ 106 ಸಲ ತಿದ್ದಿದಾರೆ, ಆದ್ರೆ ತಿದ್ದೀವಿ ಅಂತ ಹೇಳಿ ಸಂವಿಧಾನನೇ ಬುಡಸಮೇತ ಕಿತ್ತಾಕಬಹುದಾ? ಸುಪ್ರೀಂ ಕೋರ್ಟಿನ 13 ಜಡ್ಜುಗಳು ಕೂತು 1973ರ ಏಪ್ರಿಲ್ 24ಕ್ಕೆ ತೀರ್ಪು ಕೊಟ್ರು, 7 ಜನ ಒಂದು ಕಡೆ, 6 ಜನ ಒಂದು ಕಡೆ. ತಿದ್ದಬಹುದು, ಮೂಲ ಸ್ವರೂಪ ಕೆಡಿಸಂಗಿಲ್ಲ. ಮನೆ ರಿಪೇರಿ ಮಾಡು, ಬಣ್ಣ ಬಳಿ, ಗೋಡೆ ಒಡೆದು ಕಿಟಕಿ ಇಡು, ಪಾಯ ಅಗೀಬೇಡ. ಒಬ್ಬೇ ಒಬ್ಬ ಜಡ್ಜ್ ಆಕಡೆ ವಾಲಿದ್ರೆ ಇವತ್ತು ಕತೆ ಬೇರೆ ಇರ್ತಿತ್ತು. ಸ್ವಾಮಿಗಳಿಗೆ ಜಮೀನಿನ ವಿಷ್ಯದಾಗೆ ಲಾಭ ಆಗ್ಲಿಲ್ಲ.

ಎರಡನೇದು ನಮ್ಮ ರಾಜ್ಯದ ಮುಖ್ಯಮಂತ್ರಿ ಆಗಿದ್ದ ಎಸ್.ಆರ್. ಬೊಮ್ಮಾಯಿ ಅವರದ್ದು. 1989ರ ಏಪ್ರಿಲ್‌ನಲ್ಲಿ ಅವರ ಸರ್ಕಾರಕ್ಕೆ ಮೆಜಾರಿಟಿ ಇಲ್ಲ ಅಂತ ರಾಜ್ಯಪಾಲರು ರಿಪೋರ್ಟ್ ಕಳಿಸಿದ್ರು. ವಿಧಾನಸಭೇಲೇ ಸಾಬೀತು ಮಾಡ್ತೀನಿ, ಅವಕಾಶ ಕೊಡ್ರಿ ಅಂದ್ರು ಇವ್ರು. ಕೊಡ್ಲಿಲ್ಲ, ರಾಷ್ಟ್ರಪತಿ ಆಳ್ವಿಕೆ ತರೋ 356ನೇ ವಿಧಿ ಬಳಸಿ ಸರ್ಕಾರ ವಜಾ. 1994ರ ಮಾರ್ಚ್‌ನಲ್ಲಿ 9 ಜಡ್ಜುಗಳ ಪೀಠ ಹೇಳ್ತು, ಬಹುಮತ ಎಣಿಸೋ ಜಾಗ ರಾಜಭವನ ಅಲ್ಲ, ಸದನ. ಆಗಿನ್ನೆಲ್ಲಿ ಬೊಮ್ಮಾಯಿ ಸರ್ಕಾರ, ಮಧ್ಯೆ ಎಲೆಕ್ಷನ್ನೇ ಆಗಿ ಹೋಗಿತ್ತು. ಆದ್ರೆ ಇವತ್ತು ಯಾವ ರಾಜ್ಯದಾಗೆ ಸರ್ಕಾರ ಅಲ್ಲಾಡಿದ್ರೂ ಟಿವಿಯೋರು ‘ಫ್ಲೋರ್ ಟೆಸ್ಟ್ ಯಾವಾಗ’ ಅಂತ ಕೂಗ್ತಾರಲ್ಲ, ಅದರ ಹಿಂದೆ ಆ ತೀರ್ಪು ಐತೆ. ನಾವು ಹಾಕಿದ ಓಟಿಗೆ ಐದು ವರ್ಷ ಬೆಲೆ ಇರಬೇಕು ಅಂದ್ರೆ ಇದು ಬೇಕು.

ಮೂರನೇದು ನಮ್ಮೂರಿಗೆ ಬಾಳ ಹತ್ರದ್ದು, ಯಾಕಂದ್ರೆ ದಾವಣಗೆರೆ ಅಂದ್ರೆ ಬೆಣ್ಣೆ ದೋಸೆ ಆದ್ಮೇಲೆ ಕಾಲೇಜುಗಳೇ. ಮೋಹಿನಿ ಜೈನ್ ಅಂತ ಉತ್ತರ ಪ್ರದೇಶದ ಹುಡುಗಿ, ತುಮಕೂರಿನ ಒಂದು ಖಾಸಗಿ ಮೆಡಿಕಲ್ ಕಾಲೇಜಿಗೆ ಅಡ್ಮಿಷನ್‌ಗೆ ಬಂದ್ಲು. ಆಗ ಕರ್ನಾಟಕದಾಗೆ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಬೇರೆ ವಿದ್ಯಾರ್ಥಿಗಳಿಗೆ 25,000, ಹೊರಗಿನೋರಿಗೆ 60,000. ಕಟ್ಟೋ ಶಕ್ತಿ ಇರ್ಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದ್ರು. 1992ರಲ್ಲಿ ಕೋರ್ಟು, ಓದೋ ಹಕ್ಕು ಅಂತ ಸಂವಿಧಾನದಾಗೆ ನೇರವಾಗಿ ಬರೆದಿಲ್ಲದಿದ್ರೂ 21ನೇ ವಿಧಿಯ ಬದುಕೋ ಹಕ್ಕಿನೊಳಗೇ ಅದು ಐತೆ, ಸೀಟಿಗೆ ಅಂತ ಜಾಸ್ತಿ ದುಡ್ಡು ಕೀಳೋ ಕ್ಯಾಪಿಟೇಶನ್ ಫೀ ಅನ್ನೋದು ಅದನ್ನ ಮಾರಿದಂಗೆ ಅಂತು. ಮುಂದಿನ ವರ್ಷವೇ ಇನ್ನೊಂದು ಕೇಸಿನಾಗೆ ಅದನ್ನ ಸ್ವಲ್ಪ ಬಿಗಿ ಮಾಡಿ, ಹಕ್ಕು 14 ವರ್ಷದ ತನಕ ಅಷ್ಟೆ ಅಂದ್ರು. ಅದೇ ಬೆಳೆದು 2002ರಲ್ಲಿ 86ನೇ ತಿದ್ದುಪಡಿ, 21ಎ ವಿಧಿ, ಆಮೇಲೆ 2010ರ ಏಪ್ರಿಲ್ 1ರಿಂದ ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ, ಜಾರಿ. 6ರಿಂದ 14 ವರ್ಷದ ಮಗು ಸ್ಕೂಲಿಗೆ ಹೋಗೋದು ಈಗ ಸರ್ಕಾರದ ಸ್ಕೀಮ್ ಅಲ್ಲ, ಮಗುವಿನ ಹಕ್ಕು. ಆ ಹುಡುಗಿಗೆ ಸೀಟು ಸಿಕ್ತಾ? ಇಲ್ಲ, ಮೆರಿಟ್ ಪಟ್ಟೀಲಿ ಆಕೆ ಇರ್ಲಿಲ್ಲ, ಕ್ಲಾಸೂ ಶುರುವಾಗಿತ್ತು ಅಂತ ಕೋರ್ಟು ಕೊಡ್ಲಿಲ್ಲ. ಕ್ಯಾಪಿಟೇಶನ್ ಹೋತಾ ಅಂತ ದಾವಣಗೆರೇಲಿ ಕೂತು ನಾನು ಉತ್ತರ ಹೇಳೋದು ಬೇಡ ಬಿಡ್ರಿ.

ನಂದೇ ಅಂಗಡಿಗೆ ಸಂಬಂಧಪಟ್ಟಿದ್ದೂ ಒಂದೈತೆ. ದಿನಾ ನನ್ನ ಮಷೀನ್ ಮೇಲೆ ಎಷ್ಟು ಆಧಾರ್ ಕಾರ್ಡ್ ಬಂದೋಗ್ತಾವೆ, ಎಷ್ಟೋ ಜನ ಒರಿಜಿನಲ್ಲೇ ಬಿಟ್ಟೋಗ್ತಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜ್ ಕೆ.ಎಸ್. ಪುಟ್ಟಸ್ವಾಮಿ ಅವರು 80 ದಾಟಿದ ವಯಸ್ಸಿನಾಗೆ, 2012ರಲ್ಲಿ, ಈ ಆಧಾರ್ ವಿಷ್ಯಕ್ಕೇ ಸುಪ್ರೀಂ ಕೋರ್ಟಿಗೆ ಹೋದ್ರು. ಖಾಸಗಿತನ ಮೂಲಭೂತ ಹಕ್ಕಾ ಅಲ್ವಾ ಅನ್ನೋ ಪ್ರಶ್ನೆ ಬಂತು, 2017ರ ಆಗಸ್ಟ್ 24ಕ್ಕೆ 9 ಜಡ್ಜುಗಳೂ ಒಂದೇ ಬಾಯಲ್ಲಿ ಹೌದು ಅಂದ್ರು. ಅದೇ ತೀರ್ಪಿನಾಗೆ ಹಳೇ ಕಳಂಕನೂ ಒಂದು ಒರೆಸಿದ್ರು. ಎಮರ್ಜೆನ್ಸಿ ಟೈಮಲ್ಲಿ, 1976ರಲ್ಲಿ, ಸರ್ಕಾರ ಯಾರನ್ನಾದ್ರೂ ಹಿಡಿದು ಒಳಗೆ ಹಾಕಿದ್ರೆ ಯಾಕೆ ಅಂತ ಕೋರ್ಟಿಗೆ ಹೋಗಿ ಕೇಳಂಗಿಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿತ್ತು, 5 ಜನರಾಗೆ ಎಚ್.ಆರ್. ಖನ್ನಾ ಒಬ್ರೇ ಒಪ್ಪಿರ್ಲಿಲ್ಲ. ಅಂದ್ರೆ ಸಂವಿಧಾನ ಇದ್ದೂ ಅದು ಒಮ್ಮೆ ಮಕಾಡೆ ಬಿದ್ದೈತೆ, ಇದನ್ನ ಮುಚ್ಚಿಡಬಾರ್ದು. ಆದ್ರೆ ಬಿದ್ದದ್ದು ಎದ್ದಿದ್ದೂ ಅದರ ದಾರೀಲೇ, 1978ರ 44ನೇ ತಿದ್ದುಪಡಿ ಮಾಡಿ, ಎಮರ್ಜೆನ್ಸಿ ಬಂದ್ರೂ ಬದುಕೋ ಹಕ್ಕಿನ ಬಾಗ್ಲು ಮುಚ್ಚಂಗಿಲ್ಲ ಅಂತ ಬರೆದ್ರು.

ಸಮಾನತೆ ಅಂದ್ರೆ ಎಲ್ಲರಿಗೂ ಒಂದೇ ಅಳತೆ ಅಂಗಿ ಅಂತ ಬಾಳ ಜನ ತಿಳ್ಕೊಂಡಿದಾರೆ. ಅವರಿಗೆ ಹರಪನಹಳ್ಳಿ ಕತೆ ಹೇಳ್ಬೇಕು. ಹರಪನಹಳ್ಳಿ ಮೊದ್ಲು ಬಳ್ಳಾರಿ ಜಿಲ್ಲೆ, 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಈಕಡೆ ಬಂತು. 2012ರ 98ನೇ ತಿದ್ದುಪಡಿಯಿಂದ 371ಜೆ ವಿಧಿ ಬಂತು, ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳು ಹಿಂದುಳಿದಾವೆ ಅಂತ ಅಲ್ಲಿನೋರಿಗೆ ಶಿಕ್ಷಣದಾಗೆ, ಕೆಲಸದಾಗೆ ಮೀಸಲು, ಪ್ರತ್ಯೇಕ ಮಂಡಳಿ. ಹರಪನಹಳ್ಳಿ ಜಿಲ್ಲೆ ಬದ್ಲಾಯಿಸಿದ್ದರಿಂದ ಹೊರಗೆ ಉಳೀತು. ಅದೇ ಮಣ್ಣು, ಅದೇ ಬರ, ಒಂದು ಗೆರೆ ಆಚೆ ಹುಡುಗನಿಗೆ ಸೀಟು, ಈಚೆ ಹುಡುಗನಿಗೆ ಇಲ್ಲ. ಹೋರಾಟ ಮಾಡಿದ್ರು, 2018ರಲ್ಲಿ ವಾಪಸ್ ಬಳ್ಳಾರಿಗೆ ಸೇರ್ತು, 371ಜೆ ಸಿಕ್ತು, ಈಗ 2021ರಿಂದ ವಿಜಯನಗರ ಜಿಲ್ಲೆ. ಆಮೇಲೆ 371ಜೆ ಸರ್ಟಿಫಿಕೇಟಿಗೆ ದಾಖಲೆ ಜೆರಾಕ್ಸ್ ಮಾಡಿಸೋಕೆ ನಮ್ಮ ಅಂಗಡಿಗೂ ಹರಪನಹಳ್ಳಿ ಕಡೆ ಹುಡುಗ್ರು ಬಂದಿದ್ದು ಐತೆ. ಪುಸ್ತಕದಾಗಿನ ಒಂದು ಅಕ್ಷರ, ‘ಜೆ’, ಒಂದು ತಾಲೂಕಿನ ಮಕ್ಕಳ ಜೀವನ ಬದ್ಲಾಯಿಸುತ್ತೆ ಅಂದ್ರೆ ನಂಬಬೇಕು.

ದುಡ್ಡಿನ ವಿಷ್ಯದಾಗೂ ಇದೇ. 2023ರ ಕೇಂದ್ರ ಬಜೆಟ್ಟಿನಾಗೆ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಅಂತ ಘೋಷಣೆ ಆದಾಗ ಚಿತ್ರದುರ್ಗದೋರಿಗೆ ಎಷ್ಟು ಖುಷಿ, ಆಮೇಲೆ ಅದು ಬರ್ಲಿಲ್ಲ ಅಂತ ಎಷ್ಟು ಜಗಳ, ಎಲ್ರಿಗೂ ಗೊತ್ತು. ಯಾರು ಸರಿ ಯಾರು ತಪ್ಪು ಅನ್ನೋಕೆ ನಾನು ಹೋಗಲ್ಲ. ಆದ್ರೆ ವ್ಯತ್ಯಾಸ ನೋಡ್ರಿ, ಬಜೆಟ್ ಭಾಷಣದಾಗಿಂದು ‘ಕೊಡ್ತೀವಿ’. ಕೇಂದ್ರದ ತೆರಿಗೇಲಿ ರಾಜ್ಯಗಳಿಗೆ ಪಾಲು ಅಂತ ಬರುತ್ತಲ್ಲ, ಅದು 280ನೇ ವಿಧಿಯ ಹಣಕಾಸು ಆಯೋಗ ಹಾಕಿಕೊಟ್ಟ ಲೆಕ್ಕ, ಆ ಪಾಲು ಎಷ್ಟಿರಬೇಕು ಅಂತ ಗುದ್ದಾಡಬಹುದು, ಪಾಲೇ ಇಲ್ಲ ಅನ್ನೋಕೆ ಯಾವ ಪ್ರಧಾನಿಗೂ ಆಗಲ್ಲ. ಒಂದು ಉಡುಗೊರೆ, ಇನ್ನೊಂದು ಪಾಲು. ಅಣ್ಣತಮ್ಮಂದಿರ ನಡುವೆ ಪಾಲುಪಟ್ಟಿ ಬರೆಸಿದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಿಲ್ಲ.

ಎಲ್ಲಾ ಸರಿ ಐತೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಪಂಚಾಯ್ತಿ ಸಂಸ್ಥೆಗಳಿಗೆ ಐದು ವರ್ಷಕ್ಕೊಮ್ಮೆ ಎಲೆಕ್ಷನ್ ಆಗ್ಲೇಬೇಕು ಅಂತ 73ನೇ ತಿದ್ದುಪಡೀಲಿ ಸ್ಪಷ್ಟ ಐತೆ, ಆದ್ರೂ ಕರ್ನಾಟಕದಾಗೆ ಜಿಲ್ಲಾ, ತಾಲೂಕು ಪಂಚಾಯ್ತಿ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಎಲೆಕ್ಷನ್ನೇ ಆಗ್ಲಿಲ್ಲ, ಯಾವ ಪಾರ್ಟಿ ಬಂದ್ರೂ ಆಗ್ಲಿಲ್ಲ. ಅಸ್ಪೃಶ್ಯತೆ ನಿಷೇಧ ಅಂತ 17ನೇ ವಿಧಿ ಬರೆದು ಎಪ್ಪತ್ತೈದು ವರ್ಷ ದಾಟೈತೆ, ಕೆಲವು ಹಳ್ಳೀಲಿ ಹೋಟ್ಲು, ಕಟಿಂಗ್ ಶಾಪಿನ ಜಗಳ ಇನ್ನೂ ಪೇಪರ್‌ನಾಗೆ ಬರ್ತಾನೇ ಐತೆ. ಹಕ್ಕು ಇದ್ದಷ್ಟಕ್ಕೆ ತಾನಾಗೇ ಎದ್ದು ನಡೆಯಲ್ಲ, ಯಾರಾದ್ರೂ ಹೋಗಿ ಕೇಳ್ಬೇಕು.

ಕೇಳೋ ಅಭ್ಯಾಸನೇ ನಮಗಿಲ್ಲ ಅಂತ ಅಂಬೇಡ್ಕರ್‌ಗೆ ಅವತ್ತೇ ಅನುಮಾನ ಇತ್ತು ಅನ್ಸುತ್ತೆ. 1949ರ ನವೆಂಬರ್ 25ರ ಭಾಷಣದಾಗೆ ಒಂದು ಮಾತು ಹೇಳ್ತಾರೆ, ಧರ್ಮದಾಗೆ ಭಕ್ತಿ ಮೋಕ್ಷಕ್ಕೆ ದಾರಿ ಆಗಬಹುದು, ರಾಜಕೀಯದಾಗೆ ಭಕ್ತಿ ಮಾಡಿದ್ರೆ ಅದು ಅಧಃಪತನಕ್ಕೆ, ಕೊನೆಗೆ ಸರ್ವಾಧಿಕಾರಕ್ಕೆ ದಾರಿ ಅಂತ. ನನಗೆ ಇದನ್ನ ಓದಿದಾಗ ನಗು ಬಂತು, ಯಾಕಂದ್ರೆ ಪಕ್ಕದ ಸ್ಕ್ರೀನಿನಾಗೆ ಒಬ್ಬ ಲೀಡರ್ ಬರ್ತ್‌ಡೇ ಫ್ಲೆಕ್ಸ್ ಓಪನ್ ಆಗಿತ್ತು, ‘ಬಡವರ ಪಾಲಿನ ದೇವರು’ ಅಂತ, ತಲೆ ಹಿಂದೆ ಚಕ್ರ ಬೇರೆ ತಿರುಗಿಸ್ಬೇಕಂತೆ. ಮಾಡ್ಕೊಟ್ಟೆ, ಹೊಟ್ಟೆಪಾಡು.

ಆರ್‌ಟಿಐ ಅರ್ಜಿ ಟೈಪ್ ಮಾಡೋವಾಗ ಮಾತ್ರ ಬೇರೆ ಅನುಭವ. ಮಾಹಿತಿ ಕೇಳೋ ಹಕ್ಕು 19ನೇ ವಿಧಿಯ ವಾಕ್ ಸ್ವಾತಂತ್ರ್ಯದೊಳಗೇ ಐತೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದರ ಮೇಲೆ ನಿಂತಿರೋ ಕಾಯ್ದೆ ಅದು, 2005ರದ್ದು. 10 ರೂಪಾಯಿ ಫೀಸು, 30 ದಿನದ ಗಡುವು, ಯಾಕೆ ಬೇಕು ಅಂತ ಕಾರಣ ಹೇಳಬೇಕಾಗಿಲ್ಲ. ಆ ಫಾರ್ಮ್‌ನಾಗೆ ಕೃಪೆಗೆ ಜಾಗನೇ ಇಲ್ಲ, ಇಂತಿಂಥ ದಾಖಲೆ ಕೊಡಿ, ಸಹಿ, ಮುಗೀತು.

ಹುಡುಗಿ ಅಸೈನ್‌ಮೆಂಟ್ ತಗೊಂಡೋದ್ಳು, ಹನ್ನೆರಡು ಪಾಯಿಂಟಿನ ಜೊತೆ ಹರಪನಹಳ್ಳಿದೂ ಒಂದು ಪ್ಯಾರಾ ಸೇರಿಸ್ಕೊಂಡ್ಳು. ಅವಳು ಹೋದ ಮೇಲೆ ಒಬ್ಬಜ್ಜಿ ಬಂತು, ವೃದ್ಧಾಪ್ಯ ವೇತನ ಮೂರು ತಿಂಗ್ಳಿಂದ ನಿಂತೈತೆ, ಅರ್ಜಿ ಬರ್ಕೊಡು ಅಂತ. ವಯಸ್ಸಾದೋರಿಗೆ ಸರ್ಕಾರ ನೆರವು ಕೊಡಬೇಕು ಅನ್ನೋದು 41ನೇ ವಿಧಿ, ನಿರ್ದೇಶಕ ತತ್ವ, ಅದಷ್ಟನ್ನೇ ಹಿಡ್ಕೊಂಡು ಕೋರ್ಟಿಗೆ ಹೋಗೋಕಾಗಲ್ಲ. ಆದ್ರೆ ಸ್ಕೀಮ್ ಅಂತ ಒಂದು ಮಾಡಿ ಇಷ್ಟು ವಯಸ್ಸು, ಇಷ್ಟು ಆದಾಯ ಅಂತ ರೂಲ್ಸ್ ಹಾಕಿದ ಮೇಲೆ, ಅರ್ಹತೆ ಇರೋ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಸುಮ್ನೆ ನಿಲ್ಸಂಗಿಲ್ಲ, ಅಲ್ಲಿಗೆ ಸಮಾನತೆಯ 14ನೇ ವಿಧಿ ಬರುತ್ತೆ. ಇದೆಲ್ಲ ತಲೇಲಿ ಬಿಸಿಬಿಸಿ ಇತ್ತಲ್ಲ, ಫೈಲ್ ತೆಗೆದು ಕೊನೇ ಸಾಲು ಡಿಲೀಟ್ ಮಾಡಿ ‘ವೇತನ ನಿಲ್ಲಿಸಿದ ಕಾರಣವನ್ನು ಲಿಖಿತವಾಗಿ ತಿಳಿಸಬೇಕು’ ಅಂತ ಹಾಕಿ ಅಜ್ಜಿಗೆ ಓದಿ ಹೇಳಿದೆ.

‘ಕೃಪೆ ಅಂತ ಹಾಕ್ಲಿಲ್ವೇನಪ್ಪ’ ಅಂತು.

‘ಬೇಕಾಗಿಲ್ಲಜ್ಜಿ, ಇದು ನಿನ್ನ ಹಕ್ಕು.’

‘ನಿಂದೇನೋ ಹಕ್ಕು, ಸಾಹೇಬ್ರ ಮುಂದೆ ಹೋಗಿ ನಿಂತ್ಕೊಳ್ಳೋಳು ನಾನು. ಹಾಕು.’

ಎರಡೂ ಸಾಲು ಹಾಕಿ ಪ್ರಿಂಟ್ ಕೊಟ್ಟೆ.